ದೀಪದ ಹೆಂಗಸನ್ನು ನೋಡಲು

ನಮ್ಮ ಮನೆಯ ನಡುಮನೆಯಲ್ಲಿ, ದೇವರ ಮನೆಯ ಬಾಗಿಲಿಗೆ ಒತ್ತಿಕೊಂಡಂತೆ, ಒಬ್ಬ ಹೆಂಗಸು 1978ರಿಂದ ದೀಪ ಹಿಡಿದುಕೊಂಡು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಚಿತ್ರ ನೋಡಿಕೊಂಡು ಅಮ್ಮ ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಕಸೂತಿ ಅದು. ನಾನಾಗ ಮೂರನೇ ಕ್ಲಾಸು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕಿಟಕಿಯ ಕೆಳಗೆ ಕೂತು ಒಂದೊಂದೇ ಮನೆ ಎಣಿಸಿಕೊಂಡು ಹಾಕುತ್ತಿದ್ದಳು. ಎಂಟು ತಿಂಗಳು ಹಿಡಿಯಿತು. ಸೀರೆಯ ಬಣ್ಣದ ದಾರ ಸಾಲದೆ ಬಂದು, ಅಂಗಡಿಯಲ್ಲಿ ಅದೇ ಬಣ್ಣ ಸಿಗದೆ, ಕೆಳಗಿನ ನೆರಿಗೆಗಳು ಬೇರೆ ಬಣ್ಣಕ್ಕೆ ತಿರುಗಿವೆ. ಬಂದವರೆಲ್ಲ ಅದನ್ನೇ ಹೊಸ ಮಾದರಿ ಅಂದುಕೊಂಡು ಹೊಗಳುತ್ತಿದ್ದರು. ಅಮ್ಮ ಸುಮ್ಮನಿರುತ್ತಿದ್ದಳು.

ಕೊನೆಗೆ, ಚಿತ್ರ ಬರೆದವರ ಹೆಸರು ಹಾಕದಿದ್ದರೆ ಕದ್ದ ಹಾಗಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಅಪ್ಪನನ್ನು ಕೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇನ್ಯಾರು, ರವಿವರ್ಮ" ಅಂದರು. ಬಲಗಡೆ ಮೂಲೆಯಲ್ಲಿ ಕೆಂಪು ದಾರದಲ್ಲಿ ಆ ಹೆಸರು ಕೂತಿತು.

ಈ ಚಿತ್ರ ಇರುವುದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. ನಾವಿರುವ ಅರಸೀಕೆರೆಯಿಂದ ರೈಲು ಹತ್ತಿದರೆ ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ, ಆಮೇಲೆ ಮೈಸೂರು. ಆದರೂ ಅಮ್ಮ ಅದನ್ನು ಇವತ್ತಿನವರೆಗೆ ನೋಡಿಲ್ಲ. ಮೈಸೂರಿಗೆ ಹೋಗಿಲ್ಲವೆಂದಲ್ಲ. ಚಿಕ್ಕಮ್ಮನ ಎರಡು ಬಾಣಂತನಕ್ಕೆ ಹೋಗಿದ್ದಳು, ಎರಡು ಮದುವೆಗೆ ಹೋಗಿದ್ದಳು, ಒಂದು ಸಲ ದಸರಾ ವಸ್ತುಪ್ರದರ್ಶನಕ್ಕೂ ಹೋಗಿದ್ದಳು. ಪ್ರತಿ ಸಲವೂ ಅಡಿಗೆಮನೆ ಅವಳ ಕೈ ಹಿಡಿದು ಕೂರಿಸಿಕೊಂಡಿತು. ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗುವವರು ಇದ್ದರು. ಚಿತ್ರ ನೋಡಬೇಕು ಅಂದರೆ ನಗುವವರೂ ಇದ್ದರು.

ನಾನು ಮಾತ್ರ ಆರು ಸಲ ನೋಡಿದ್ದೇನೆ. ಶಾಲೆಯ ಪ್ರವಾಸದ ನೆಪ. ಪ್ರವಾಸ ಎಂದರೆ ಮಕ್ಕಳಿಗೆ ಮೃಗಾಲಯ, ಬೃಂದಾವನ, ಐಸ್‌ಕ್ರೀಮು. ನಡುವೆ ಒಂದು ಗಂಟೆ ಕಿತ್ತು ನಾನು ಜಗನ್ಮೋಹನ ಅರಮನೆ ಸೇರಿಸುತ್ತಿದ್ದೆ. ಸಮಾಜ ವಿಜ್ಞಾನದ ಮೇಡಂ ಅಲ್ಲವೇ, ಬಾಗಿಲಲ್ಲೇ ಪಾಠ ಶುರು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲಿಗೆ ಬಂದದ್ದು, 1902ರಲ್ಲಿ ನಾಲ್ವಡಿಯವರು ಆಳ್ವಿಕೆಯ ಅಧಿಕಾರ ವಹಿಸಿಕೊಂಡ ಸಮಾರಂಭ ಇಲ್ಲೇ ನಡೆದದ್ದು, 1915ರಲ್ಲಿ ಚಿತ್ರಶಾಲೆಯಾದದ್ದು. ಮಕ್ಕಳ ಕಿವಿ ನನ್ನ ಕಡೆ, ಕಣ್ಣು ಮಾತ್ರ ಫ್ರೆಂಚ್ ಗಡಿಯಾರದ ಕಡೆ. ಗಂಟೆ ಹೊಡೆಯುವಾಗ ಅದರೊಳಗೆ ಪುಟ್ಟ ಸೈನಿಕರು ಸಾಲಾಗಿ ಹಾದುಹೋಗುತ್ತಾರೆ. ಅದರೆದುರು ಯಾವ ಒಡೆಯರೂ ನಿಲ್ಲಲಾರರು, ನಾನಂತೂ ದೂರದ ಮಾತು.

ಆಮೇಲೆ ಆ ಕತ್ತಲೆಯ ಕೋಣೆ. ಅಲ್ಲಿ ಮಾತ್ರ ಮಕ್ಕಳು ತಾವಾಗಿ ಸುಮ್ಮನಾಗುತ್ತಿದ್ದರು. ಬೆಳಕು ಕಡಿಮೆಯಾದಷ್ಟೂ ಆ ಮುಖ ಬೆಳಗುತ್ತದೆ, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪು ಹೊಳೆಯುತ್ತದೆ. "ಒಳಗೆ ಬಲ್ಬ್ ಇದೆಯಾ ಮಿಸ್?" ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳಿಯೇ ಕೇಳುತ್ತಿದ್ದ. ನಾನು ಗಂಭೀರವಾಗಿ, "ಇಲ್ಲ. ಇದು ರಾಜಾ ರವಿವರ್ಮನ ಕೈಚಳಕ" ಅನ್ನುತ್ತಿದ್ದೆ. ಕೆಲಸಕ್ಕೆ ಸೇರಿದ 1996ರಿಂದ ಇಪ್ಪತ್ತೆರಡು ವರ್ಷ ಹೀಗೇ ಹೇಳಿದೆ. ಚಿತ್ರದ ಕೆಳಗೆ ಬರೆದಿದ್ದನ್ನು ಓದುವ ವ್ಯವಧಾನ ನನಗಿರಲಿಲ್ಲ. ಮನೆಯ ಗೋಡೆಯ ಮೇಲೆಯೇ ಕೆಂಪು ದಾರದಲ್ಲಿ ಬರೆದಿರುವಾಗ ಇನ್ನೇನು ಓದುವುದು?

2018ರ ಅಕ್ಟೋಬರಿನಲ್ಲಿ ಪತ್ರಿಕೆಯೊಂದರಲ್ಲಿ ಒಂದು ಸುದ್ದಿ ಬಂತು. ಮೈಸೂರಿನ ಆ ಪ್ರಸಿದ್ಧ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಮಹಿಳೆ ಕೊಲ್ಹಾಪುರದಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು ಎಂದು. ನಾನು ಕಾಫಿ ಲೋಟ ಕೆಳಗಿಟ್ಟೆ. ಆಕೆಯ ತಂದೆ, ಸಾವಂತವಾಡಿಯಲ್ಲಿ ಹುಟ್ಟಿದ ಎಸ್.ಎಲ್. ಹಲ್ದಂಕರ್, ಅದನ್ನು ಬರೆದವರು. ಮಗಳ ಕೈಗೆ ದೀಪ ಕೊಟ್ಟು ನಿಲ್ಲಿಸಿ ಬರೆದದ್ದು. 1945-46ರ ಚಿತ್ರ, ಅದೂ ಜಲವರ್ಣ. ಜಲವರ್ಣದಲ್ಲಿ ತಪ್ಪಿದರೆ ತೈಲವರ್ಣದಂತೆ ಮೇಲೆ ಬಳಿದು ಮುಚ್ಚಿಕೊಳ್ಳುವುದು ಸುಲಭವಲ್ಲ ಎಂದು ನಮ್ಮ ಡ್ರಾಯಿಂಗ್ ಮೇಷ್ಟ್ರು ವಿವರಿಸಿದರು. ರವಿವರ್ಮ ಸತ್ತದ್ದು 1906ರಲ್ಲಿ. ಇಸವಿಗಳನ್ನು ಬಾಯಿಪಾಠ ಮಾಡಿಸಿ ಸಂಬಳ ತೆಗೆದುಕೊಳ್ಳುವ ನಾನು, ಸತ್ತು ನಲವತ್ತು ವರ್ಷವಾದವರ ಕೈಯಲ್ಲಿ ಕುಂಚ ಹಿಡಿಸಿದ್ದೆ!

ಮಕ್ಕಳಿಗೆ ಮರುದಿನವೇ ಹೇಳಿ ತಪ್ಪೊಪ್ಪಿಕೊಂಡೆ. ಅವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಮೇಡಂ ತಪ್ಪುವುದಕ್ಕಿಂತ ದೊಡ್ಡ ಹಬ್ಬ ಅವರಿಗುಂಟೇ? ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ಕಳೆದಿರಲಿಲ್ಲ. ಆ ಮೂಲೆಯ ಹೆಸರು ಅವರ ಬಾಯಿಂದ ಬಂದದ್ದು. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ. ಆ ದಿನವನ್ನು ಮುಂದೆ ತಳ್ಳುತ್ತಲೇ ಹೋದೆ.

ಈಗ ಅಮ್ಮನಿಗೆ 79. ಎರಡು ವರ್ಷದ ಹಿಂದೆ ಅಕ್ಕಿ ಆರಿಸುತ್ತಾ, "ತಟ್ಟೆ ನಡುವೆ ಯಾಕೋ ಮಬ್ಬು ಕಣೇ, ಅಂಚಿನ ಅಕ್ಕಿ ಚೆನ್ನಾಗಿ ಕಾಣುತ್ತೆ" ಅಂದಳು. ಪೊರೆ ಇರಬೇಕೆಂದುಕೊಂಡರೆ ಪೊರೆಯ ಆಪರೇಷನ್ ಆಗಲೇ ಆಗಿತ್ತು. ರೆಟಿನಾದ ನಟ್ಟನಡುವಿನ ಭಾಗ ವಯಸ್ಸಿಗೆ ಸವೆಯುವ ಕಾಯಿಲೆಯಂತೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತು ಹಿಡಿಯುವುದು ಎಲ್ಲಾ ಆ ಭಾಗದ ಕೆಲಸ. ಒಂದು ಬಗೆಗೆ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ, ಅಮ್ಮನದು ಆ ಬಗೆಯಲ್ಲ. ಪೂರ್ತಿ ಕುರುಡಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇನ್ನು ಮೈಸೂರಿನ ದೀಪದ ಹೆಂಗಸನ್ನ ನೋಡೋಕಾಗಲ್ವಾ?"

ಆ ರಾತ್ರಿ ಎಲ್ಲವನ್ನೂ ಹೇಳಿಬಿಟ್ಟೆ. ಹೆಸರಿನ ವಿಷಯವನ್ನೂ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?"

"2018ರಲ್ಲಿ."

"ಆಗ ಕಣ್ಣು ಚೆನ್ನಾಗಿತ್ತಲ್ಲೇ ನಂಗೆ. ಬಿಚ್ಚಿ ಬೇರೆ ಹಾಕ್ತಿದ್ನಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಾರನೆಯ ದಿನ ಶಾಲೆಯಿಂದ ಬರುವ ಹೊತ್ತಿಗೆ ಚಿತ್ರದ ಕಟ್ಟು ಗೋಡೆಯಿಂದ ಇಳಿದಿತ್ತು. ಪಕ್ಕದ ಮನೆಯ ಹುಡುಗನ ಕೈಯಲ್ಲಿ ಹಿಂದಿನ ಮೊಳೆ ಕೀಳಿಸಿ, ಅಮ್ಮ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬೆರಳ ತುದಿಯಿಂದ ಸವರಿ ಹೊಲಿಗೆ ಹುಡುಕುವುದು, ಸೂಜಿಯಿಂದ ಎಬ್ಬಿಸುವುದು, ಎಳೆಯುವುದು. ನಾಲ್ಕಕ್ಷರ ಬಿಚ್ಚಲು ಮೂರು ದಿನ. ನಾನು ಮಾಡಿಕೊಡುತ್ತೇನೆ ಅಂದರೆ ಕೊಡಲಿಲ್ಲ. ಬಿಚ್ಚಿದ ಕೆಂಪು ದಾರವನ್ನು ಕುಂಕುಮದ ಭರಣಿಯ ಪಕ್ಕ ಒಂದು ಡಬ್ಬಿಯಲ್ಲಿಟ್ಟಿದ್ದಾಳೆ. ಅಪ್ಪನ ಮಾತಲ್ಲವೇ! ಹೊಸ ಹೆಸರನ್ನು ನಾನು ಹಾಕಬೇಕಂತೆ, ಆದರೆ ಚಿತ್ರವನ್ನು ಅವಳು ನೋಡಿ ಬಂದ ಮೇಲೆ.

ಅಲ್ಲಿಗೆ ನಮ್ಮ ಮೈಸೂರು ಯೋಜನೆ ಶುರುವಾಯಿತು. ಬೆಂಗಳೂರಿನ ತಮ್ಮ ಫೋನಿನಲ್ಲೇ ಬೈದ: "ಅಕ್ಕಾ, ಈ ಮಂಡಿ ನೋವಲ್ಲಿ ಅಮ್ಮನ್ನ ಅಷ್ಟು ದೂರ ಎಳ್ಕೊಂಡು ಹೋಗ್ತೀಯಾ? ಮೊಬೈಲಲ್ಲೇ ದೊಡ್ಡದು ಮಾಡಿ ತೋರಿಸು." ತೋರಿಸಿದೆ. ಅಮ್ಮ ಮುಖ ಓರೆ ಮಾಡಿ ನೋಡಿ, "ಇದರಲ್ಲಿ ದೀಪ ಎಲ್ಲಿ ಉರಿಯುತ್ತೆ? ಫೋನೇ ಉರಿಯುತ್ತೆ" ಅಂದಳು. ತಮ್ಮ ಸೋತ. ನಮ್ಮ ಮನೆಯವರು ಕಾರು ಮಾಡೋಣ, ಚನ್ನರಾಯಪಟ್ಟಣ, ಕೆ.ಆರ್. ಪೇಟೆ ಮೇಲೆ ಹೋದರಾಯಿತು ಅಂದರು. ಅಮ್ಮನಿಗೆ ಕಾರಿನಲ್ಲಿ ವಾಂತಿ. ರೈಲೇ ಸರಿ. ದಸರೆಯ ಜನಜಂಗುಳಿ ಬೇಡ, ಭಾನುವಾರ ಬೇಡ. ದೀಪಾವಳಿ ಕಳೆದ ಮೇಲೆ ನಡುವಾರದ ಒಂದು ದಿನ, ನನಗೊಂದು ಸಿ.ಎಲ್. ಸಹೋದ್ಯೋಗಿಯೊಬ್ಬರ ಮಗಳು ಮೈಸೂರಿನಲ್ಲಿ ಓದುತ್ತಾಳೆ. ಅವಳನ್ನೇ ಕಳಿಸಿ ಎಲ್ಲಾ ವಿಚಾರಿಸಿದೆ. ಅಂದು ಬಾಗಿಲು ತೆರೆದಿರುತ್ತದೆಯೇ, ಕೂರಲು ಜಾಗವುಂಟೇ, ಬಚ್ಚಲುಮನೆ ಎಷ್ಟು ದೂರ. "ಮೆಟ್ಟಿಲಿವೆ ಆಂಟಿ, ಅಜ್ಜಿಯನ್ನ ನಾವಿಬ್ಬರೂ ಹಿಡ್ಕೊಂಡ್ರೆ ಆಗುತ್ತೆ" ಅಂದಳು ಪುಣ್ಯಾತ್ಗಿತ್ತಿ.

ಅಮ್ಮನ ತಯಾರಿಯೇ ಬೇರೆ. ನಿನ್ನೆ ರಾತ್ರಿ ಊಟವಾದ ಮೇಲೆ ನನ್ನನ್ನು ದೇವರ ಮನೆಗೆ ಕರೆದಳು. ಎಲ್ಲಾ ಲೈಟು ಆರಿಸಿಸಿ, ನನ್ನ ಕೈಗೆ ಹಣತೆ ಕೊಟ್ಟು, "ಆ ಹೆಂಗಸಿನ ಹಾಗೆ ಹಿಡ್ಕೊಂಡು ನಿಂತ್ಕೋ" ಅಂದಳು. ಐವತ್ತೈದು ವರ್ಷದ ನಾನು, ನೈಟಿಯ ಮೇಲೆ ಟವೆಲ್ಲು ಹೊದ್ದು, ಕೈ ಅಡ್ಡ ಹಿಡಿದು ನಿಂತೆ. ನಮ್ಮ ಮನೆಯವರು ಇಣುಕಿ ನೋಡಿ ಏನೂ ಮಾತಾಡದೆ ಹೋದರು. ಅಮ್ಮ ಮಣೆಯ ಮೇಲೆ ಕೂತು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕುತ್ತಿದ್ದಳು.

"ಕಾಣುತ್ತೆ ಕಣೇ" ಅಂದಳು. "ನಿನ್ನ ಮುಖಾನೇ ನೋಡಿದರೆ ಏನೂ ಇಲ್ಲ. ಗಂಟೆ ತೂಗುಹಾಕಿದೆಯಲ್ಲ, ಅದನ್ನ ನೋಡಿದರೆ ಪಕ್ಕದಲ್ಲಿ ನಿನ್ನ ಮುಖ ಕಾಣುತ್ತೆ. ಕೆಂಪಗಿದೆ. ಕೈ ಇನ್ನೊಂಚೂರು ಮೇಲೆ."

ಎಣ್ಣೆ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು. ಕೈ ಮೇಲೆತ್ತಿದೆ.

"ಅಲ್ಲಿ ಅವಳ ಪಕ್ಕದಲ್ಲಿ ಏನಿದೆ? ನಾನು ಯಾವುದನ್ನ ನೋಡಬೇಕು?"

ಆರು ಸಲ ಹೋಗಿದ್ದೇನೆ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿ ಕೇಳುತ್ತೇನೆ ಅಂದೆ. "ಈಗಲೇ ಮಾಡು, ಇನ್ನೂ ಒಂಬತ್ತು ಗಂಟೆ ಅಷ್ಟೇ" ಅಂದಳು ಅಮ್ಮ.