ಮಾಳಿಗೆ ಮೇಲೆ ಮಳೆ ನಕ್ಷತ್ರ

ರಜೆ ಬಂತೆಂದರೆ ನಮ್ಮ ಪರಿಚಯದ ಅರ್ಧ ಮಂದಿ ಕಡಲ ಕಡೆ ಹೊರಡುತ್ತಾರೆ. ಗೋಕರ್ಣ, ಮುರುಡೇಶ್ವರ, ಮಲ್ಪೆ. ಮರಳ ಮೇಲೆ ಅಂಗಾತ ಮಲಗಿ ನಕ್ಷತ್ರ ಎಣಿಸಿದೆವೆಂದು ಬಂದು ಹೇಳುತ್ತಾರೆ. ಹೇಳಲಿ. ನನಗೆ ನೀಲಗುಂದವಿದೆ. ಹರಪನಹಳ್ಳಿ ತಾಲ್ಲೂಕಿನ ಈ ಊರು ಹೆಂಡತಿಯ ತವರು. ಕಡಲು ಘಟ್ಟದಾಚೆಗೆ ಉಳಿಯಿತು. ಅದರ ಜೊತೆಗೆ ತಾರೆಗಳನ್ನು ಮಸುಕು ಮಾಡುವ ತೇವದ ಗಾಳಿಯೂ ಅಲ್ಲೇ ಉಳಿಯಿತು. ಇಲ್ಲಿಯದು ಒಣ ಹವೆ. ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸಿನಲ್ಲಿ ಬಂದರೆ ಅಳಿಯನಿಗೆ ಸಿಗಬೇಕಾದ ಉಪಚಾರವನ್ನು ಆಕಾಶವೇ ಮಾಡುತ್ತದೆ.

ಊರಿಗೆ ಬಂದವರನ್ನು ಎಲ್ಲರೂ ಭೀಮೇಶ್ವರನ ಗುಡಿಗೆ ಕರೆದೊಯ್ಯುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ, ನೋಡಬೇಕಾದದ್ದೇ. ಆದರೆ ಅದು ಹಗಲಿನ ಮಾತು. ರಾತ್ರಿ ರೊಟ್ಟಿ, ಪುಂಡಿಪಲ್ಯ ಮುಗಿದ ಮೇಲೆ ನಾನು ಕಂಬಳಿ ಹೊದ್ದು ಮಾಳಿಗೆ ಹತ್ತುತ್ತೇನೆ. ಮಾವ ಕೆಳಗಿನಿಂದಲೇ ಕೂಗುತ್ತಾರೆ: "ಅಲ್ರೀ ಅಳಿಯಾರೆ, ಇಂಥ ಚಳ್ಯಾಗ ಏನ್ ನೋಡ್ತೀರಿ? ಅವು ದಿನಾ ಇರಾವೇ ಅಲ್ಲೇನು?"

ದಿನಾ ಇರುತ್ತವೆ, ನಿಜ. ಆದರೆ ಡಿಸೆಂಬರಿನ ಸರದಿಯೇ ಬೇರೆ. ಕತ್ತಲಾಗುವಷ್ಟರಲ್ಲಿ ಕೃತ್ತಿಕೆ ಪೂರ್ವದಲ್ಲಿ ಮೇಲೇರಿರುತ್ತದೆ. ಬರಿಗಣ್ಣಿಗೆ ಆರು ಚುಕ್ಕಿ; ಕಣ್ಣು ಚುರುಕಿದ್ದರೆ ಏಳು. ನೆಟ್ಟ ನೋಟಕ್ಕಿಂತ ಓರೆಗಣ್ಣಿಗೇ ಹೆಚ್ಚು ಕಾಣುತ್ತವೆ, ಏಕೆಂದರೆ ಮಂದ ಬೆಳಕನ್ನು ಹಿಡಿಯುವ ಶಕ್ತಿ ಕಣ್ಣಿನ ಅಂಚಿಗೇ ಹೆಚ್ಚು. ಅದರ ಬೆನ್ನಿಗೆ ಕೆಂಪು ರೋಹಿಣಿ. ಅನಂತರ ಮೃಗಶಿರ. ಅದರ ಬಗಲಲ್ಲೇ ಕೆಂಡದ ಬಣ್ಣದ ಆರಿದ್ರಾ. ರಾತ್ರಿ ಊಟದ ಹೊತ್ತು ದಾಟಿದರೆ ಪುನರ್ವಸುವಿನ ಜೋಡಿ ತಾರೆಗಳೂ ಹಾಜರು.

ಈ ಹೆಸರುಗಳನ್ನು ನೀಲಗುಂದದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ. ಮಾವನ ಲೆಕ್ಕವೆಲ್ಲ ಇದರಲ್ಲೇ. ಮೆಕ್ಕೆಜೋಳ ಹಾಕಿದ್ದು ಯಾವ ಮಳೆಗೆ, ಶೇಂಗಾ ಕೈಕೊಟ್ಟಿದ್ದು ಯಾವ ಮಳೆಗೆ, ಕೇಳಿದರೆ ಥಟ್ಟನೆ ಹೇಳುತ್ತಾರೆ. ತಾರೀಖು ಕೇಳಿದರೆ ಮಾತ್ರ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಾರೆ.

ಮೋಜಿನ ಸಂಗತಿಯೆಂದರೆ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯ ದಿನಗಳಲ್ಲಿ ಕಾಣುವುದೇ ಇಲ್ಲ. ಮೋಡ ಮುಚ್ಚಿದ್ದರಿಂದಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಅದೇ ಆಗಿನ ಮಳೆಯ ಹೆಸರು. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮೇ ಕೊನೆಗೆ ಸೂರ್ಯ ರೋಹಿಣಿಯನ್ನು ಹೊಕ್ಕಾಗ ಆ ತಾರೆ ಅವನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಹಗಲ ಬೆಳಕಲ್ಲಿ ಅದನ್ನು ಕಾಣುವವರಾರು? ರೋಹಿಣಿಯ ಮುಖ ನೋಡಬೇಕೆಂದರೆ ಅರ್ಧ ವರ್ಷ ಕಾದು, ಸೂರ್ಯ ಎದುರು ದಿಕ್ಕಿಗೆ ಸರಿದ ಮೇಲೆ, ಸುಗ್ಗಿಯ ದಿನಗಳ ರಾತ್ರಿ ನೋಡಬೇಕು. ಮಳೆಗಾಲ ಪೂರ್ತಿ ಹೆಸರು ಹಿಡಿದು ಕೂಗಿದವರೆಲ್ಲ ಮಳೆಯೇ ಇಲ್ಲದ ಕಾಲಕ್ಕೆ ಸಾಲಾಗಿ ಬಂದು ನಿಲ್ಲುತ್ತಾರೆ.

ಇದನ್ನು ಹೇಳಿದಾಗ ಮಾವ ಏಣಿ ಹತ್ತಿ ಬಂದರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವುದಿತ್ತು, ಹೇಗೂ ಎಚ್ಚರವಿರಬೇಕು. "ಆರಿದ್ರಾ ಯಾವ್ದು?" ಎಂದರು. ತೋರಿಸಿದೆ. ಕತ್ತೆತ್ತಿ ನೋಡಿದವರು ಬಾಕಿದಾರನ ಮನೆ ಬಾಗಿಲಲ್ಲಿ ನಿಂತವರಂತೆ ಕೇಳಿದರು: "ಇದೇ ಏನು ಹೋದ್ವರ್ಷ ಕೈಕೊಟ್ಟಿದ್ದು?"

ಅದು ಕೈಕೊಡುವ ಜಾತಿಯದೇ ಎಂದೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರಿದ್ರಾ ಕಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಸಿಡಿದೇಹೋಗುತ್ತದೇನೋ ಎಂದು ಲೋಕವೆಲ್ಲ ಕಾದಿತ್ತು. ಕೊನೆಗೆ ನೋಡಿದರೆ ಅದು ತಾನೇ ಉಗುಳಿದ ಧೂಳು ಅದರ ಮುಖಕ್ಕೆ ಅಡ್ಡ ಬಂದಿತ್ತು. "ಸಿಡಿದ್ರೆ ಮಳಿ ಹೆಸ್ರು ಏನ್ಮಾಡ್ತಾರ?" ಎಂದರು ಮಾವ. ಪಂಚಾಂಗದವರು ಯೋಚಿಸಬೇಕಾದ ಪ್ರಶ್ನೆ.

ಕೊಟ್ಟೂರೇಶ್ವರನ ತೇರು ಮೂಲಾ ನಕ್ಷತ್ರದಲ್ಲಿ ಹೊರಡುತ್ತದೆ; ಅದನ್ನೂ ತೋರಿಸೆಂದರು. ಡಿಸೆಂಬರಿನಲ್ಲಿ ಸಾಧ್ಯವಿಲ್ಲ. ಧನುರ್ಮಾಸ ಹಿಡಿದ ಮೊದಲ ದಿನಗಳಲ್ಲಿ ಸೂರ್ಯನ ಬಿಡಾರ ಮೂಲಾ ನಕ್ಷತ್ರದಲ್ಲೇ. ಬದಲಿಗೆ ದಕ್ಷಿಣದ ಅಂಚಿನಲ್ಲಿ ಅಗಸ್ತ್ಯನನ್ನು ತೋರಿಸಿದೆ. ನಮ್ಮ ಅಕ್ಷಾಂಶದಲ್ಲಿ ಅದು ಎಷ್ಟೇ ಏರಿದರೂ ದಿಗಂತದಿಂದ 23 ಡಿಗ್ರಿ ದಾಟುವುದಿಲ್ಲ. ಬೆಳಗಿನ ಜಾವ ಎದ್ದರೆ ತ್ರಿಶಂಕುವೂ ಉಂಟು, ಇನ್ನೂ ಕೆಳಗೆ. ಉತ್ತರದಲ್ಲಿ ಧ್ರುವ 15 ಡಿಗ್ರಿಯ ಆಸುಪಾಸಿನಲ್ಲಿ. ಹೀಗೆ ಎರಡೂ ಕಡೆಯ ತಾರೆಗಳು ಸಿಗುವುದು ನಮ್ಮ ಸೀಮೆಯ ಪುಣ್ಯ. ಲಂಡನ್ನಿನವರಿಗೆ ಅಗಸ್ತ್ಯ ಎಂದೂ ಹುಟ್ಟುವುದಿಲ್ಲ.

ಆದರೆ ಈ ಅಂಚುಗಳೇ ಮೊದಲು ಅಳಿಸಿಹೋಗುವುದು. ಊರೂರಿಗೂ ಬಿಳಿ ಎಲ್‌ಇಡಿ ಬಂದಿದೆ. ದೂರದ ಪೇಟೆಗಳ ಬೆಳಕು ದಿಗಂತದಲ್ಲಿ ಹಿಟ್ಟು ಚೆಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ ಕತ್ತಲೆಯನ್ನೇ ಕಾಯ್ದಿಟ್ಟ ಸೀಮೆಯೊಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಇರುವುದು ಅಲ್ಲೇ. ಅಲ್ಲಿ ಮನೆಗಳ ದೀಪಕ್ಕೆ ಮರೆ ಕಟ್ಟುತ್ತಾರೆ. ನೀಲಗುಂದಕ್ಕೆ ಅಷ್ಟೆಲ್ಲ ಬೇಡ. ಬೀದಿದೀಪದ ತಲೆಗೊಂದು ತಗಡಿನ ಮುಚ್ಚಳ ಸಾಕು. ಬೆಳಕು ಬೇಕಾದದ್ದು ಓಣಿಗೆ ತಾನೆ?

ಗ್ರಾಮಸಭೆಯಲ್ಲಿ ದೀಪ ಕೇಳುವವರು ಉಂಟು, ಕತ್ತಲೆ ಕೇಳಿದವರಿಲ್ಲ. ಅಳಿಯನಾದ ನನಗೆ ಅಲ್ಲಿ ಬಾಯಿಲ್ಲ. ನೀವಾದರೂ ಕೇಳಿ ಎಂದು ಮಾವನಿಗೆ ಹೇಳಿದೆ. "ಮೊದ್ಲು ಈ ಸಲ ಆರಿದ್ರಾ ನೆಟ್ಟಗ ಬರ್ಲಿ," ಎಂದರು ಅವರು, ಏಣಿ ಇಳಿಯುತ್ತ. "ಆಮ್ಯಾಲ ಅದಕ್ಕ ಮುಚ್ಚಳದ ಮರ್ಯಾದಿ ಮಾಡಾಣ."