ಬೇರೆ ಡಬ್ಬಿ

ನನ್ನ ತಂಗಿಯ ಮಗಳಿಗೆ ಹಾಲು, ಮೊಟ್ಟೆ ಎರಡೂ ಆಗುವುದಿಲ್ಲ. ಬೆಣ್ಣೆ ಸವರಿದ ಬ್ರೆಡ್ಡಿನ ಚೂರು ಬಾಯಿಗೆ ಹೋದರೂ ತುಟಿ ಊದಿ ಮೈಯೆಲ್ಲ ದದ್ದು ಏಳುತ್ತದೆ. ಹಾಗಾಗಿ ಯಾರ ಮನೆಯ ಹುಟ್ಟುಹಬ್ಬಕ್ಕೆ ಹೊರಟರೂ ಅವಳ ಕೈಯಲ್ಲೊಂದು ನೀಲಿ ಡಬ್ಬಿ. ಉಳಿದ ಮಕ್ಕಳು ಕೇಕನ್ನು ಮುತ್ತಿಕೊಂಡಾಗ ಇವಳು ಮೂಲೆಯ ಕುರ್ಚಿಯಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಅಳುವುದಿಲ್ಲ, ಹಟ ಮಾಡುವುದಿಲ್ಲ. ಅಷ್ಟು ಚಿಕ್ಕ ಮಗು ಹಟ ಮಾಡದೆ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತವರಿಗೆ ಭೇದ ಮಾಡಿ ಬಡಿಸಬಾರದೆಂದು ಕಲಿಸಿದ ಅಮ್ಮನ ಮಗಳು ನಾನು. ಅವಳ ಏಳನೆಯ ಹುಟ್ಟುಹಬ್ಬಕ್ಕೆ ಮೂರು ಪದರದ ಕೇಕು ನಾನೇ ಮಾಡುತ್ತೇನೆ, ಬಂದವರೆಲ್ಲ ಅದನ್ನೇ ತಿನ್ನಲಿ ಎಂದು ತಂಗಿಗೆ ಹೇಳಿಬಿಟ್ಟೆ.

ಬೇಕರಿಯ ಎಗ್‌ಲೆಸ್ ಕೇಕು ನಮಗೆ ಪ್ರಯೋಜನವಿಲ್ಲ. ಮೊಟ್ಟೆ ಬಿಟ್ಟ ಜಾಗವನ್ನು ಅಲ್ಲಿ ಸಾಮಾನ್ಯವಾಗಿ ಮೊಸರೋ ಕಂಡೆನ್ಸ್ಡ್ ಹಾಲೋ ತುಂಬಿರುತ್ತದೆ. ಪೊಟ್ಟಣದ ಹಸಿರು ಚುಕ್ಕೆಯನ್ನೂ ನಂಬುವಂತಿಲ್ಲ, ಹಾಲಿಗೂ ಅದೇ ಚುಕ್ಕೆ. ನಮಗೆ ಬೇಕಾದದ್ದು ವೀಗನ್. ಹಾಲು, ತುಪ್ಪ, ಜೇನು ಏನನ್ನೂ ಪ್ರಾಣಿಗಳಿಂದ ಪಡೆಯಬಾರದೆಂದವರು 1944ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿಕೊಂಡ ಪದ ಅದು. ಡೊನಾಲ್ಡ್ ವಾಟ್ಸನ್ ಅವರಲ್ಲಿ ಮುಖ್ಯರು. ಕರುಣೆಯಿಂದ ಹುಟ್ಟಿದ ಆ ಪದ ನಮ್ಮ ಮನೆಯೊಳಕ್ಕೆ ಕಾಯಿಲೆಯ ಬಾಗಿಲಿನಿಂದ ಬಂತು.

ಹಾಲು, ಮೊಟ್ಟೆ, ಬೆಣ್ಣೆ ಕೈಗೆಟುಕದ ಕಷ್ಟಕಾಲದಲ್ಲಿ ಅಮೆರಿಕದ ಹೆಂಗಸರು ಮಾಡುತ್ತಿದ್ದ ಒಂದು ಕೇಕಿದೆ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ, ಒಂದು ಚಿಕ್ಕ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇದಕ್ಕೆ ಐದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್, ಒಂದು ಕಪ್ ನೀರು. ವಿನೆಗರ್ ಸೋಡಾಕ್ಕೆ ತಗುಲಿದ ಕೂಡಲೇ ಗುಳ್ಳೆ ಏಳುತ್ತದೆ, ಕೇಕನ್ನು ಉಬ್ಬಿಸುವುದು ಆ ಗುಳ್ಳೆಯೇ. ಅದು ಯಾರಿಗೂ ಕಾಯುವುದಿಲ್ಲ. ನನ್ನ ಒಲೆಯಲ್ಲಿ ಹಿಡಿಸುವುದು ಒಂದೇ ತಟ್ಟೆ. ಹಾಗಾಗಿ ಮೂರು ಪದರಕ್ಕೆ ಮೂರು ಸಲ ಬೇರೆ ಬೇರೆಯಾಗಿ ಕಲಸಿ, 180 ಡಿಗ್ರಿಯಲ್ಲಿ ಅರ್ಧ ಅರ್ಧ ಗಂಟೆ ಬೇಯಿಸಿದೆ. ಹಿಟ್ಟನ್ನು ಹೆಚ್ಚು ತಿರುವಲೂಬಾರದು, ಮೈದಾ ಜಿಗುಟಾಗಿ ಕೇಕು ರಬ್ಬರಿನಂತಾಗುತ್ತದೆ.

ಕಷ್ಟ ಬಂದದ್ದು ಪದರಗಳ ನಡುವಿನ ಕ್ರೀಮಿನಲ್ಲಿ. ಕಾಯಿ ತುರಿದು ರುಬ್ಬಿ ಹಿಂಡಿದ ಮೊದಲ ಹಾಲನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಗಟ್ಟಿ ಕೆನೆ ಕಟ್ಟುತ್ತದೆ. ಅದನ್ನು ಸಕ್ಕರೆಪುಡಿಯೊಂದಿಗೆ ಕಡೆದರೆ ಬೆಣ್ಣೆಗಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಆದರೆ ಹುಟ್ಟುಹಬ್ಬ ಬರುವುದು ಮೇ ತಿಂಗಳಲ್ಲಿ, ಊರು ಮಂಗಳೂರು. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಬೆಂಗಳೂರಿನ ಡಿಸೆಂಬರಿನಲ್ಲಿ ಬಾಟಲಿಯೊಳಗೆ ಕಲ್ಲಾಗುವ ಎಣ್ಣೆ ನಮ್ಮಲ್ಲಿ ಹೆಚ್ಚುಕಡಿಮೆ ವರ್ಷವಿಡೀ ನೀರಿನಂತೆ ಹರಿಯುತ್ತಿರುತ್ತದೆ. ಪ್ರಯೋಗಕ್ಕೆಂದು ಹಿಂದಿನ ವಾರ ಮಾಡಿದ ಕೇಕಿನ ಕೆನೆ ನಾನು ನೋಡುತ್ತಿದ್ದಂತೆಯೇ ಇಳಿದು ಹೋಯಿತು, ಮೇಲಿನ ಪದರ ಮೆಲ್ಲಗೆ ಜಾರಿ ಪಕ್ಕಕ್ಕೆ ವಾಲಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದಾರಿ ತೋರಿಸಿದ್ದು ಚಾಕಲೇಟು. ಕೋಕೋದ ಕೊಬ್ಬು ಕರಗಲು 34 ಡಿಗ್ರಿಯ ಹತ್ತಿರ ಬೇಕು. ಮೊದಲ ಹಾಲನ್ನು ಕುದಿಸದೆ, ಅಂಚಿನಲ್ಲಿ ಗುಳ್ಳೆ ಕಾಣುವಷ್ಟೇ ಬಿಸಿ ಮಾಡಿ ಡಾರ್ಕ್ ಚಾಕಲೇಟಿನ ಚೂರುಗಳ ಮೇಲೆ ಸುರಿದೆ. ಐದು ನಿಮಿಷ ಬಿಟ್ಟು ಕಲಕಿದರೆ ಹೊಳೆಯುವ ಕಪ್ಪು ಮುದ್ದೆ. ಆ ಚಾಕಲೇಟಿಗಾಗಿ ನಾಲ್ಕು ಅಂಗಡಿ ಸುತ್ತಿದ್ದೆ. 'ಹಾಲಿನ ಅಂಶ ಇರಬಹುದು' ಎಂಬ ಸಾಲನ್ನು ಪೊಟ್ಟಣದ ಹಿಂದೆ ಅತಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ದೊಡ್ಡದಾಗಿರಬೇಕು. ಮಗುವಿನ ಉಸಿರಿನ ವಿಷಯ ಅದು.

ಕೇಕು ತಣಿಯುವಾಗ ಕೊಂಕಣಿಗರ ನೆರೆಮನೆಯಲ್ಲಿ ಚಿಕ್ಕಂದಿನಲ್ಲಿ ತಿಂದ ತವಸಳಿ ನೆನಪಾಯಿತು. ಸೌತೆಕಾಯಿ ತುರಿ, ಅಕ್ಕಿರವೆ, ಬೆಲ್ಲ, ಕಾಯಿ, ಅಷ್ಟೆ. ಆ ಅಮ್ಮ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಹಾಲಿಲ್ಲ, ಮೊಟ್ಟೆಯಿಲ್ಲ, ಯಾವುದೋ ಒಂದು ಇಲ್ಲವೆಂಬ ಭಾವವೂ ಅದರಲ್ಲಿ ಇರಲಿಲ್ಲ. ನನ್ನ ಕೇಕೂ ಹಾಗೆ ಬರಲಿ ಎಂದುಕೊಂಡೆ.

ಸಂಜೆ ಕತ್ತರಿಸುವವರೆಗೂ ಫ್ರಿಜ್ಜಿನಲ್ಲಿಟ್ಟಿದ್ದ ಕೇಕು ನೆಟ್ಟಗೆ ನಿಂತಿತು. ಮಗು ಚಾಕು ಹಿಡಿದು ನನ್ನ ಮುಖ ನೋಡಿದಳು.

"ದೊಡ್ಡಮ್ಮಾ, ಇದು ಅವರಿಗೂ ಕೊಡುವ ಕೇಕಾ?"

"ಹೌದು ಪುಟ್ಟಾ, ಎಲ್ಲರಿಗೂ ಇದೇ."

ಅವಳು ತಾನು ತಿನ್ನುವುದನ್ನೇ ಮರೆತು ತಟ್ಟೆ ತಟ್ಟೆಗೂ ತುಂಡು ಹಂಚುತ್ತ ಓಡಾಡಿದಳು. ಕೊನೆಗೆ ಮಕ್ಕಳ ಮಧ್ಯೆ ನೆಲದ ಮೇಲೆ ಕೂತು, ಮೂಗಿಗೆಲ್ಲ ಚಾಕಲೇಟು ಮೆತ್ತಿಕೊಂಡು ತಿಂದಳು.

ರಾತ್ರಿ ಪಾತ್ರೆ ತೊಳೆಯುವಾಗ ಕಟ್ಟೆಯ ಮೇಲೆ ನೀಲಿ ಡಬ್ಬಿ ಕಂಡಿತು. ತಂಗಿ ಅಭ್ಯಾಸಬಲದಿಂದ ತುಂಬಿಟ್ಟಿದ್ದಳು. ಒಳಗೆ ಎರಡು ಎಳ್ಳುಂಡೆ ಇದ್ದವು. ನಾವಿಬ್ಬರೂ ನಿಂತಲ್ಲೇ ಒಂದೊಂದು ತಿಂದೆವು.