ಸಂಚಗಾರದ ಲೆಕ್ಕ

ನಮ್ಮ ಕಡೆ ನಾಟಕಕ್ಕೂ ಒಂದು ಸುಗ್ಗಿ ಇದೆ. ಕುಂದಗೋಳದ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಮುಗಿಯಬೇಕು, ಅಣ್ಣಿಗೇರಿ, ನವಲಗುಂದದ ಎರಿಭೂಮಿಯಲ್ಲಿ ಕಡಲೆ, ಜೋಳ ರಾಶಿಯಾಗಬೇಕು. ರೈತನ ಕೈಯಲ್ಲಿ ನಾಲ್ಕು ರೊಕ್ಕ ಆಡಬೇಕು. ಆಗ ಗುಡಿಕಟ್ಟಿ ಮೇಲೆ ಕೂತ ಯಾರಾದರೂ ಒಬ್ಬರು "ಈ ಸಲ ನಾಟಕ ಆಗಬೇಕಲಾ?" ಅಂದರೆ ಮುಗೀತು. ಮರುದಿನವೇ ಪಟ್ಟಿ ಎತ್ತಲು ಸುರು. ಸಂಕ್ರಾಂತಿ ದಾಟಿದ ಮೇಲೆ ಬಸವ ಜಯಂತಿಯ ತನಕ ಯಾವ ಊರಿಗೆ ಹೋದರೂ ಗೋಡೆಯ ಮೇಲೊಂದು ನಾಟಕದ ಪೋಸ್ಟರು ಇದ್ದೇ ಇರುತ್ತದೆ.

ಇದು ಕಂಪನಿ ನಾಟಕವಲ್ಲ. ಕಂಪನಿಯವರು ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಟೆಂಟು ಹೊಡೆದು, ಟಿಕೀಟು ಹಚ್ಚಿ, ದಿನಾ ಆಡುತ್ತಾರೆ. ನಮ್ಮದು ಒಂದೇ ರಾತ್ರಿ, ಟಿಕೀಟಿಲ್ಲ. ಕಿರಾಣಿ ಅಂಗಡಿಯವ ಹೀರೋ, ಟ್ರ್ಯಾಕ್ಟರ್ ಡ್ರೈವರ್ ಖಳನಾಯಕ. ಪೇಟಿ ಮಾಸ್ತರರು ಎರಡು ತಿಂಗಳು ತಾಲೀಮು ಕೊಡುತ್ತಾರೆ. ಪರದೆ, ಸೀನು, ಮೈಕು ಎಲ್ಲ ಬಾಡಿಗೆಗೆ. ನಡುನಡುವೆ ಆಟ ನಿಲ್ಲಿಸಿ ಆಯೇರಿ ಕೂಗುತ್ತಾರೆ. ತಾಯಿ ಸತ್ತಳೆಂದು ಹೀರೋ ಅಳುತ್ತಿರುವಾಗಲೇ ಅವನ ಮಾವ ವೇದಿಕೆ ಹತ್ತಿ ಟಾವೆಲ್ಲು ಹೊದಿಸಿ ಇಳಿಯುತ್ತಾನೆ. ಹೀರೋ ಕಣ್ಣೊರೆಸಿಕೊಂಡು ನಮಸ್ಕಾರ ಮಾಡಿ ಮತ್ತೆ ಅಳಲು ಸುರು ಮಾಡುತ್ತಾನೆ. ಯಾರೂ ನಗುವುದಿಲ್ಲ.

ಬಾಡಿಗೆ ಅಂದೆನಲ್ಲ, ಅದರಲ್ಲಿ ಸ್ತ್ರೀಪಾತ್ರವೂ ಸೇರಿತು. ಹಿಂದಿನ ಮಾತು ಬೇರೆ. ನಮ್ಮ ಕುಂದಗೋಳದ ರಾಮಚಂದ್ರ ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ಮರಾಠಿ ರಂಗಭೂಮಿಯಲ್ಲಿ ಹೆಸರಾದದ್ದೇ ಸ್ತ್ರೀಪಾತ್ರಗಳಿಂದ. 2017ರಲ್ಲಿ ನೂರು ದಾಟಿ ತೀರಿಕೊಂಡ ಏಣಗಿ ಬಾಳಪ್ಪನವರೂ ಸೀರೆಯುಟ್ಟೇ ರಂಗಕ್ಕೆ ಬಂದವರು. ಈಗ ಗದಗ, ಹುಬ್ಬಳ್ಳಿ ಕಡೆಯಿಂದ ನಟಿಯರು ಬರುತ್ತಾರೆ. ಇವತ್ತು ನಮ್ಮೂರು, ನಾಳೆ ಕಲಘಟಗಿ ಕಡೆಯ ಇನ್ನೊಂದೂರು. ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲರೂ 'ಕುಮಾರಿ'ಯರೇ. ನಮ್ಮೂರಿಗೆ ಬರುವ ಅಕ್ಕಾರ ಮಗ ಐಟಿಐ ಕಲಿಯುತ್ತಿದ್ದರೂ ಅವರೂ ಕುಮಾರಿಯೇ.

2020ರಲ್ಲಿ ನಮ್ಮದು ಅಣ್ಣ ತಂಗಿ ನಾಟಕ. ಯುಗಾದಿ ಮಾರ್ಚ್ 25ಕ್ಕೆ, ಆಟ ಅದರ ಮರುದಿನ. ನಾನು ಅಣ್ಣ. ಶನಿವಾರ ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಕೊನೆಯ ಬಸ್ಸಿಗೆ ತಾಲೀಮಿಗೆ ಬರುತ್ತಿದ್ದೆ. ಅಕ್ಕಾರಿಗೆ ಎರಡು ಸಾವಿರ ಸಂಚಗಾರ ಕೊಟ್ಟು ತಾರೀಖು ಹಿಡಿದಿದ್ದೆವು. ಫೆಬ್ರುವರಿ ಕೊನೆಗೆ ಒಂದು ದಿನ ತಾಲೀಮಿಗೆ ಬಂದವರು ತಮ್ಮ ಮಾತಷ್ಟೇ ಅಲ್ಲ, ನನ್ನ ಮಾತನ್ನೂ ತಪ್ಪಿಲ್ಲದೆ ಹೇಳಿದರು. "ಮೂರನೇ ಸೀನಿಗೆ ಎಡವತೀರಿ ಅಣ್ಣಾರ, ಅದನ್ನೊಂದು ಗಟ್ಟಿ ಮಾಡ್ಕೋರಿ" ಅಂದು ಬಸ್ಸು ಹತ್ತಿದರು.

ಮುಂದಿನದು ನಿಮಗೂ ಗೊತ್ತು. ಮಾರ್ಚ್ 14ರಿಂದ ರಾಜ್ಯದಲ್ಲಿ ಜಾತ್ರೆ, ಸಮಾರಂಭ, ಸಿನೆಮಾ ಎಲ್ಲ ಬಂದ್. 24ರ ರಾತ್ರಿ ದೇಶಕ್ಕೇ ಬೀಗ. ಹೂಡಿದ ಹಂದರದ ಗಳ ಬಿಚ್ಚಿದೆವು.

ಮೇ ತಿಂಗಳಲ್ಲಿ ಸಮಿತಿಯವರು ಲೆಕ್ಕಕ್ಕೆ ಕೂತರು. "ನಾಟಕನ ಆಗಲಿಲ್ಲಂದ ಮ್ಯಾಲೆ ಸಂಚಗಾರ ಯಾಕ ಬಿಡೂದು? ಸೀನಿನಾಂವ ವಾಪಸ್ ಕೊಟ್ಟಾನ. ಆ ನಟಿಗೂ ಫೋನ್ ಹಚ್ಚು. ಸಾಲಿ ಕಲತಾಂವ, ನೀನ ಮಾತಾಡು" ಅಂದರು.

ಹಚ್ಚಿದೆ. "ಹೆಂಗದೀರಿ ಅಕ್ಕಾರ?" ಅಂದೆ.

"ಹೆಂಗಿರೂದ್ರಿ ಅಣ್ಣಾರ. ಹದಿನೆಂಟು ನಾಟಕ ಹಿಡದಿದ್ಯಾ, ಎಂಟು ಆಗಿದ್ದೂ. ಅದಿರಲಿ, ಮೂರನೇ ಸೀನು ಪಾಠ ಆತೇನು?" ಅಂದವರೇ ತಂಗಿಯ ಮಾತು ಸುರು ಮಾಡಿ, ಕೊನೆಯ ಶಬ್ದಕ್ಕೆ ದನಿ ಎತ್ತಿ ನಿಲ್ಲಿಸಿದರು. ಇನ್ನು ನನ್ನ ಮಾತು ಬರಬೇಕು.

ನಾನು ರೊಕ್ಕದ ಮಾತು ತೆಗೆದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ದನಿ ಬರಲಿಲ್ಲ. ಆಮೇಲೆ, "ನೀವು ಕೇಳೂದು ಬರೋಬ್ಬರಿ ಐತ್ರಿ. ಮಾಡಲಾರದ ಕೆಲಸದ ರೊಕ್ಕ ನಾ ಇಟಗೊಳ್ಳಂಗಿಲ್ಲ. ಈಗ ಒಂದೂವರಿ ಸಾವಿರ ಹಾಕಸ್ತೀನಿ, ಉಳದ ಐದನೂರು ಮುಂದಿನ ಸುಗ್ಗಿಗೆ ಮುರಕೋರಿ" ಅಂದರು. ರಾತ್ರಿಯೇ ಅವರ ಮಗ ಫೋನಿನಲ್ಲಿ ರೊಕ್ಕ ಹಾಕಿದ.

ಮುಂದಿನ ಸುಗ್ಗಿ ಬರಲೇ ಇಲ್ಲ. 2021ರ ಯುಗಾದಿ ಮುಗಿಯುತ್ತಿದ್ದಂತೆ ಎರಡನೇ ಅಲೆ. ಮೇ ತಿಂಗಳಲ್ಲಿ ಸರಕಾರ ಕಲಾವಿದರಿಗೆ 3,000 ರೂಪಾಯಿ ಸಹಾಯ ಸಾರಿತು. ಆಗ ಅಕ್ಕಾರ ಫೋನು ಬಂತು. ಕಲಾವಿದೆ ಅನ್ನಲು ಒಂದು ಪುರಾವೆ ಇರಲಿ, ಹಳೆಯ ಹ್ಯಾಂಡ್‌ಬಿಲ್ಲು ಇದ್ದರೆ ಫೋಟೋ ಕಳಿಸಿ ಅಂದರು. ಹುಡುಕಿ ತೆಗೆದು ನೋಡಿದೆ. ನಮ್ಮೆಲ್ಲರ ಹೆಸರಿಗೂ ಅಪ್ಪನ ಹೆಸರು, ಅಡ್ಡಹೆಸರು ಇವೆ. ಅವರದು ಮಾತ್ರ 'ಕುಮಾರಿ', ಒಂದು ನಾಟಕದ ಹೆಸರು, ಮುಂದೆ ಊರು. ಆಧಾರ್ ಕಾರ್ಡಿನಲ್ಲಿರುವ ಹೆಸರೇ ಬೇರೆಯಂತೆ. "ಈ ಇಬ್ಬರೂ ಒಬ್ಬಾಕಿನ ಅಂತ ನಿಮ್ಮ ಸಮಿತಿಯವರು ಒಂದು ಚೀಟಿ ಬರದು ಕೊಡ್ತಾರೇನ್ರಿ?" ಅಂದರು. "ಕೇಳಿ ನೋಡ್ತೀನ್ರಿ" ಅಂದೆ. ಮನೆಯಲ್ಲಿ ಜಡ್ಡು, ಊರಲ್ಲಿ ಸಾವು. ಕೇಳುವುದು ಹಿಂದೆ ಬಿತ್ತು. ಸಹಾಯದ ರೊಕ್ಕ ಬಂತೋ ಇಲ್ಲವೋ ಅಂತ ಆಮೇಲೆ ವಿಚಾರಿಸಲು ನನಗೆ ಮುಖ ಇರಲಿಲ್ಲ.

2022ರ ಯುಗಾದಿಗೆ ಕಡೆಗೂ ಆಟವಾಯಿತು. ಅದೇ ಅಣ್ಣ, ಅದೇ ತಂಗಿ. ಮೂರನೇ ಸೀನಿಗೆ ನಾನು ಎಡವಿದೆ. ಅವರು ಅಳುವ ನೆಪದಲ್ಲಿ ಜನಕ್ಕೆ ಬೆನ್ನು ತಿರುಗಿಸಿ ನನ್ನ ಮಾತು ಪಿಸುಗುಟ್ಟಿದರು. ಅದನ್ನೇ ಗಟ್ಟಿಯಾಗಿ ಹೇಳಿದೆ, ಸಿಳ್ಳೆ ಬಿದ್ದವು. ಆಯೇರಿಯೂ ನನಗೇ ಬಂತು.

ಬೆಳಗಿನ ಜಾವ ಲೆಕ್ಕ. ಖಜಾಂಚಿ ಎಣಿಸಿ ಕೊಟ್ಟ ರೊಕ್ಕದಿಂದ ಅಕ್ಕಾರು ಐದನೂರರ ಒಂದು ನೋಟು ತೆಗೆದು ಟೇಬಲ್ಲಿನ ಮೇಲಿಟ್ಟರು.

"ಇದ್ಯಾತರದ್ರಿ?" ಅಂದ ಖಜಾಂಚಿ. 2020ರ ಲೆಕ್ಕದ ವಹಿ ಎಲ್ಲಿ ಹೋಯಿತೋ ಅವನಿಗೂ ಗೊತ್ತಿರಲಿಲ್ಲ.

"ಹಳೇ ಬಾಕಿ. ಅಣ್ಣಾರಿಗೆ ಗೊತ್ತೈತಿ."

ಎಲ್ಲರೂ ನನ್ನ ಮುಖ ನೋಡಿದರು. ಆ ಬಾಕಿ ಹರಿದು ಹೋಯ್ತು ಅಂತ ನಾನು ಹೇಳಬಹುದಿತ್ತು. "ಹೌದು" ಅಂದೆ. ಅವರು ಚೀಲ ಹೆಗಲಿಗೇರಿಸಿ, ಮುಖದ ಬಣ್ಣ ಪೂರ್ತಿ ಹೋಗುವ ಮೊದಲೇ ಮುಂಜಾನೆ ಬಸ್ಸಿಗೆ ನಡೆದರು.

ಆ ಸುಗ್ಗಿ ಹೋದಾಗ ಊರಿಗೆ ಹೋದದ್ದು ಒಂದು ರಾತ್ರಿ. ಹಾಕಿದ ರೊಕ್ಕ ಪೈಸೆ ಬಿಡದೆ ನಮಗೆ ತಿರುಗಿ ಬಂತು. ಅವರಿಗೆ ಹೋದದ್ದು ಎರಡು ವರ್ಷದ ಅನ್ನ, ಅದರ ಮೇಲೆ ನಮ್ಮ ಬಾಕಿ. ನಾಟಕ ಉಳೀಬೇಕು, ಕಲೆ ಉಳೀಬೇಕು ಅಂತ ಪ್ರತಿ ವರ್ಷ ಪರದೆ ಏಳುವ ಮೊದಲು ಮೈಕಿನಲ್ಲಿ ಹೇಳುವವನು ನಾನೇ.

ಮರುವರ್ಷ ಪಟ್ಟಿ ಎತ್ತುವ ಮೊದಲೇ ಸಮಿತಿಯಲ್ಲಿ ಈ ಮಾತು ತೆಗೆದೆ. ಒಂದಿಷ್ಟು ಜಗಳವಾಗಿ, ಕೊನೆಗೆ ವಹಿಯ ಮೊದಲ ಹಾಳೆಯಲ್ಲೇ ಬರೆದೆವು: ಯಾವ ಕಾರಣಕ್ಕೆ ಆಟ ನಿಂತರೂ ಪಾತ್ರಧಾರಿಗೆ ಕೊಟ್ಟ ಸಂಚಗಾರ ವಾಪಸ್ ಕೇಳಬಾರದು. ಜೊತೆಗೊಂದು ಚೀಟಿಯನ್ನೂ ಬರೆಸಿಟ್ಟೆ, ಎರಡು ವರ್ಷ ತಡವಾಗಿ.

ಹ್ಯಾಂಡ್‌ಬಿಲ್ಲಿಗೆ ಕೊಡುವ ಮೊದಲು ಅಕ್ಕಾರಿಗೆ ಫೋನು ಮಾಡಿ, "ಈ ಸಲ 'ಕುಮಾರಿ' ತಗದು ಆಧಾರ್ ಕಾರ್ಡಿನಾಗಿನ ಹೆಸರ ಹಾಕಸ್ತೀನ್ರಿ" ಅಂದೆ.

"ಬ್ಯಾಡ್ರಿ ಅಣ್ಣಾರ," ಅಂದು ನಕ್ಕರು. "ಆ ಹೆಸರಿನಾಕಿ ಯಾರಂತ ಯಾವ ಊರಿಗೂ ಗೊತ್ತಿಲ್ಲ. ಮುಂದಿನ ಊರವ್ರು ಕರಿಯಂಗಿಲ್ಲ. ಅದನ್ನ ಚೀಟ್ಯಾಗಷ್ಟ ಇಡ್ರಿ."